ರೋಗಿಗಳ ಕೋಣೆಯ ಗೋಡೆ

ಕೃಷ್ಣಾ ದಂಡೆಯ ಒಂದು ಮಠದಲ್ಲಿ ರೇವಣಜ್ಜ ಎಂಬ ಗುರು ಇದ್ದರು. ಮದ್ದು ಬಲ್ಲವರು. ಅವರನ್ನು ಹುಡುಕಿಕೊಂಡು ಬಂದ ರೋಗಿಗಳೆಲ್ಲ ಮಠದ ಅಂಗಳದಲ್ಲೇ ಮಲಗುತ್ತಿದ್ದರು.

ಶಿಷ್ಯ ಮರಿದೇವನಿಗೆ ಒಂದೇ ಆಸೆ. ಈ ಯುಗಾದಿಗೆ ಗುರುವಿನ ಜೊತೆ ಶ್ರೀಶೈಲಕ್ಕೆ ನಡೆದು ಹೋಗಬೇಕು.

"ರೋಗಿಗಳಿಗೊಂದು ಕೋಣಿ ಕಟ್ಟಿ ಮುಗಿಸು. ಆಮ್ಯಾಲ ಬಾ," ಎಂದರು ಅಜ್ಜ. ಹೇಗೆ ಕಟ್ಟಬೇಕೆಂಬುದನ್ನು ಅವನಿಗೇ ಬಿಟ್ಟರು.

ಆ ಸೀಮೆಯಲ್ಲಿ ಗೋಡೆಯೆಂದರೆ ಮೊಳದಗಲದ ಮಣ್ಣಿನ ಗೋಡೆ, ಮೇಲೆ ಮಣ್ಣು ಹೊದಿಸಿದ ಚಪ್ಪಟೆ ಮಾಳಿಗೆ. ಒಂದು ಸುತ್ತು ಏರಿಸಬೇಕು, ಒಣಗಲು ಬಿಡಬೇಕು, ಆಮೇಲೆ ಇನ್ನೊಂದು. ಹಾಗೆ ಕಟ್ಟುತ್ತ ಕೂತರೆ ಯುಗಾದಿ ದಾಟಿಹೋಗುತ್ತದೆ.

ಮರಿದೇವ ಒಂಟಿ ಇಟ್ಟಿಗೆಯ ಗೋಡೆ ಎಬ್ಬಿಸಿ ತಗಡು ಹೊದಿಸಿದ. ಖರ್ಚು ಅರ್ಧಕ್ಕಿಂತ ಕಮ್ಮಿ. ಕೆಲಸ ಮಾಘದಲ್ಲೇ ಖಲಾಸ್.

ಒಂದು ಚಳಿಯ ಮುಂಜಾನೆ ಅಜ್ಜನನ್ನು ಕರೆತಂದು ತೋರಿಸಿದ. ಅಗ್ಗಕ್ಕೆ ಒಳ್ಳೇ ಮಾಲು ಗಿಟ್ಟಿಸಿದವನ ಹಿಗ್ಗು ಅವನ ಮುಖದಲ್ಲಿ.

ಅಜ್ಜ ಗೋಡೆಗೆ ಅಂಗೈ ಹಚ್ಚಿ ನೋಡಿದರು.

"ಮಧ್ಯಾಹ್ನ ಇಲ್ಲಿ ಯಾರಿರತಾರ?"

"ರೋಗಿಗಳು, ಅಜ್ಜಾರ."

"ಅವರ ಜೋಡಿ?"

ಅಷ್ಟು ಕೇಳಿ ಅಜ್ಜ ಹೊರಟರು. ರೋಗಿಗಳ ಜೊತೆ ಅವರ ಮನೆಯವರಿರುತ್ತಾರೆ, ಅದನ್ನೇನು ಕೇಳುವುದು? ಆ ಪ್ರಶ್ನೆ ಹಲ್ಲಿಗೆ ಸಿಕ್ಕ ನಾರಿನಂತೆ ಮರಿದೇವನನ್ನು ದಿನವಿಡೀ ಕಾಡಿತು.

ಫಾಲ್ಗುಣ ಬಂತು. ತಗಡು ಕಾದು ರೊಟ್ಟಿ ಹಂಚಾಯಿತು. ಜ್ವರದವರು ಎದ್ದು ಮತ್ತೆ ಅಂಗಳದ ಬೇವಿನ ನೆರಳಿಗೆ ನಡೆದರು. ಅವರಲ್ಲಿ ನೀಲವ್ವ ಎಂಬ ಮುದುಕಿ ಹೊಸ್ತಿಲಲ್ಲಿ ನಿಂತು ಕೇಳಿದಳು: "ತಮ್ಮಾ, ಇದರಾಗ ನಮ್ಮನ್ನ ಮಲಗಸ್ತೀಯೋ, ಹುರೀತೀಯೋ?"

ಮರಿದೇವ ಸೋಲೊಪ್ಪುವವನಲ್ಲ. ಬಾಗಿಲು ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿದ. ತಗಡಿನ ಮೇಲೆ ಹುಲ್ಲು ಹರವಿದ. ಹೊಳೆಯಿಂದ ಕೊಡ ಹೊತ್ತು ತಂದು ಎರಡಕ್ಕೂ ನೀರು ಹೊಡೆದ. ಕೋಣೆ ತಂಪಾಯಿತು, ರೋಗಿಗಳು ಬಂದರು. ನೀರು ಆರಿತು, ರೋಗಿಗಳು ಎದ್ದರು. ಮತ್ತೆ ಕೊಡ ಹೊತ್ತ.

ಯಾತ್ರೆಯ ದಿನ ಮಠದ ಉಳಿದವರೆಲ್ಲ ಆಗಲೇ ಮುಂದೆ ನಡೆದಿದ್ದರು. ಅಜ್ಜ ಜೋಳಿಗೆ ಹೆಗಲಿಗೇರಿಸಿದಾಗ ಮರಿದೇವ ಕೊಡದೊಂದಿಗೆ ದಂಡೆ ಹತ್ತುತ್ತಿದ್ದ. ಕೋಣೆ ಮುಗಿಸಿದ್ದೇನೆ, ನಾನೂ ಬರುತ್ತೇನೆ ಎಂದ.

"ಮುಗಿಸೀಯೇನು? ಮತ್ತ ಈ ಕೊಡ ಯಾತಕ್ಕ?"

"ಗ್ವಾಡಿ ತೆಳ್ಳಗಾತು, ಅಜ್ಜಾರ. ನೀರು ಹೊಡೀದಿದ್ರ ಒಳಗ ಇರಾಕಾಗೂದಿಲ್ಲ."

"ಹಂಗಾದ್ರ ಮಣ್ಣಿಲೆ ಕಟ್ಟಬೇಕಾದ ಗ್ವಾಡಿ ನೀರಿಲೆ ಕಟ್ಟಾಕತ್ತೀಯ. ಇನ್ನೂ ಎಲ್ಲಿ ಮುಗದೈತಿ?"

ಒಳಗೆ ಜ್ವರದ ಕೂಸೊಂದು ನರಳಿತು. ಮರಿದೇವ ಹೋಗಿ ತಟ್ಟಿಗೆ ನೀರು ಹೊಡೆದು ಬಂದ. ಮಧ್ಯಾಹ್ನ ರೋಗಿಗಳ ಜೋಡಿ ಇರಬೇಕಾದವನು ತಾನೇ, ತಾನು ಹೊರಡುವಂತಿಲ್ಲ ಎಂಬುದು ಅವನಿಗೆ ತಿಳಿದುಹೋಗಿತ್ತು. ಆದರೂ ಲೆಕ್ಕ ಒಂದು ಕಡೆ ಕೂಡುತ್ತಿರಲಿಲ್ಲ.

"ಅಜ್ಜಾರ, ದಪ್ಪ ಗ್ವಾಡಿ ಕಟ್ಟಿದ್ರ ಕೆಲಸ ಇನ್ನೂ ಮುಗೀತಿರಲಿಲ್ಲ. ಆಗೂ ನನಗ ಶ್ರೀಶೈಲ ತಪ್ಪತಿತ್ತು. ಎರಡೂ ಒಂದ ಆತಲ್ಲ?"

ಅಜ್ಜ ಕೋಲು ಊರಿ ದಾರಿಗಿಳಿದರು.

"ತಪ್ಪತಿತ್ತು. ಇದೊಂದು ವರ್ಷ ಅಷ್ಟ."