ಕೆಂಡ ಹಾಯದ ಶಿಷ್ಯ

ಮಠದ ಸ್ವಾಮಿಯನ್ನು ಮನೆಗೆ ಕರೆದು, ಪಾದ ತೊಳೆದು, ಊಟಕ್ಕೆ ಬಡಿಸುವುದಕ್ಕೆ ನಮ್ಮ ಕಡೆ ಒಂದು ಮಾತಿದೆ. ಬಿನ್ನಾಣವಲ್ಲ. ಬಿನ್ನ... ಬಿನ್ನಹ. ಹೌದು, ಬಿನ್ನಹ. ಈ ದೂರದ ಊರಿಗೆ ಬಂದ ಮೇಲೆ ಆ ಮಾತನ್ನು ಯಾರ ಬಾಯಲ್ಲೂ ಕೇಳಿಲ್ಲ.

ಮಲಪ್ರಭೆಯ ದಂಡೆಯ ಮಠವೊಂದರಲ್ಲಿ ಮುರಿಗೆಜ್ಜ ಎಂಬ ಗುರು ಇದ್ದರು. ಮಂಡಿನೋವಿನಿಂದ ಹೆಚ್ಚು ತಿರುಗಾಡಲಾಗದೆ, ಬಿನ್ನಹಕ್ಕೆ ಶಿಷ್ಯ ಅಡಿವಯ್ಯನನ್ನು ಕಳಿಸುತ್ತಿದ್ದರು. ಊರಿನವರು ಅವನನ್ನು ಮೋಟಾರು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಮನೆಮನೆಯಲ್ಲೂ ಹೋಳಿಗೆ, ಮೇಲೆ ತುಪ್ಪ.

ಒಂದು ದಿನ ಅಡಿವಯ್ಯ ಎದೆಯುಬ್ಬಿಸಿಕೊಂಡು ಬಂದ.

“ಅಜ್ಜಾರ, ಈ ಸಲ ಹಬ್ಬಕ್ಕ ನಾನು ಕೆಂಡ ಹಾಯ್ತೀನ್ರಿ. ಅಪ್ಪಣೆ ಕೊಡ್ರಿ.”

“ಯಾಕೋ?”

“ನನಗ ದೇಹದ ಹಂಗು ಹರಿದದ್ರಿ. ಇವತ್ತ ಗೌಡರ ಮನ್ಯಾಗ ಪಾದಕ್ಕ ಸುಡೋ ನೀರು ಹೊಯ್ದುಬಿಟ್ರು. ನಾ ಮಿಸುಕಲಿಲ್ಲ. ಮನಿಮಂದಿ ಎಲ್ಲಾ ಅಡ್ಡಬಿದ್ರು.”

“ಮತ್ತೇನು?”

“ರಾತ್ರಿ ಅಂಗಾಲಿನ್ಯಾಗ ಇರುವಿ ಹರಿದಂಗ ಆಗ್ತದ್ರಿ. ಶಕ್ತಿ ಮ್ಯಾಲೇಳಾಕತ್ತದ.”

“ಎಲ್ಲೀತನಕ ಎದ್ದದ?”

“ಬೆರಳು ದಾಟಿ ಪಾದಕ್ಕ ಬಂದದ್ರಿ.”

“ಭಾಳ ಸಾವಕಾಶದ ಶಕ್ತಿ,” ಎಂದರು ಅಜ್ಜ. “ಕಾಲು ಚಾಚು.”

ಗುರು ಶಿಷ್ಯನ ಪಾದವನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಅಡಿವಯ್ಯ ನಾಚಿ ಎಳೆದುಕೊಳ್ಳಲು ಹೋದ. ಅವರು ಬಿಡಲಿಲ್ಲ. ಅಂಗಾಲಿನಿಂದ ಒಂದು ಜಾಲಿಮುಳ್ಳು ಕಿತ್ತು ಅವನ ಅಂಗೈಯಲ್ಲಿಟ್ಟರು.

“ಇದು ಯಾವತ್ತು ನೆಟ್ಟಿತು?”

ಮುಳ್ಳಿನ ತುದಿಯಲ್ಲಿ ಕೀವಿತ್ತು.

“ಗೊತ್ತಿಲ್ರಿ.”

“ನೋವು ಗೆದ್ದವನಿಗೆ ಮುಳ್ಳು ನೆಟ್ಟದ್ದು ಗೊತ್ತಿರ್ತದ. ನಿನಗ ಸುದ್ದೀನ ಇಲ್ಲ. ನಡಿ, ಡಾಕ್ಟರಬಾಯಿ ಕಡೆ ಹೋಗೂನು.”

ಡಾಕ್ಟರಬಾಯಿ ಗಾಯ ತೊಳೆದು, ರಕ್ತ ಪರೀಕ್ಷೆ ಮಾಡಿದರು.

“ಸ್ವಾಮ್ಯಾರ, ಸಕ್ಕರೆ ಕಾಯಿಲೆ ಶುರುವಾಗೇದ. ಪಾದದ ನರಕ್ಕ ಕೈ ಹಾಕೇದ. ಈಗಿನ್ನೂ ಮೊದಲು. ಗುಳಿಗಿ ತಪ್ಪಿಸಬ್ಯಾಡ್ರಿ, ಊಟ ಹತೋಟಿಯಾಗ ಇಡ್ರಿ. ಗಾಯ ಮಾಯ್ದ ಮ್ಯಾಲೆ ದಿನಾ ನಡೀರಿ. ಬರಿಗಾಲು ಮಾತ್ರ ಬ್ಯಾಡ.”

“ಇಲ್ಲಾಂದ್ರ?” ಎಂದು ಶಿಷ್ಯ ಕೇಳಿದ.

“ಇಂಥಾದ್ದೊಂದು ಮುಳ್ಳಿಗೇ ಬೆರಳು ಕಳಕೊಂಡವರನ್ನ ನೋಡೀನಿ.”

“ಕೆಂಡ?” ಎಂದ ಅಡಿವಯ್ಯ, ಸಣ್ಣ ದನಿಯಲ್ಲಿ.

ಡಾಕ್ಟರಬಾಯಿ ಗುರುವಿನ ಮುಖ ನೋಡಿದರು. ಗುರು ಕಿಟಕಿಯ ಹೊರಗೆ ನೋಡಿದರು.

ದಾರಿಯಲ್ಲಿ ಅಡಿವಯ್ಯ ಅತ್ತ.

“ಬಿನ್ನಹದ ಎಡಿ ಬಿಡಬಾರದಲ್ರಿ ಅಜ್ಜಾರ. ಮನಿ ಯಜಮಾನ್ತಿ ನೊಂದ್ಕೋತಾಳ.”

“ಬಡಿಸಿದ ಮ್ಯಾಲೆ ಬಿಡಬಾರದು. ಬಡಿಸೋ ಮೊದಲ ಕೈ ಅಡ್ಡ ಹಿಡಿ.”

“ಬೂಟು ಹಾಕ್ಕೊಂಡ ಸ್ವಾಮಿ ಅಂತ ಮಂದಿ ನಗ್ತಾರ್ರಿ.”

“ನಕ್ಕರ ಅವರ ಹಲ್ಲು ಕಾಣ್ತಾವ. ನಿನಗೇನು?”

ಗಾಯ ಮಾಯಿತು. ಅಡಿವಯ್ಯ ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡು ಬಿನ್ನಹಕ್ಕೆ ನಡೆದೇ ಹೋಗತೊಡಗಿದ. ಹುಡುಗರು ಹಿಂದೆ ಬಂದು “ಬೂಟಯ್ಯ, ಬೂಟಯ್ಯ” ಎಂದು ಕೂಗಿದರು.

ಎಲೆಯಲ್ಲಿ ಜೋಳದ ರೊಟ್ಟಿ, ಮಡಕೆಕಾಳಿನ ಪಲ್ಯ, ಮೆಂತ್ಯದ ಸೊಪ್ಪು. ಹೋಳಿಗೆ ಬಂದಾಗ ಕೈ ಅಡ್ಡ ಬರುತ್ತಿತ್ತು. ಕೆಲವೊಮ್ಮೆ ಕೈ ತಡವಾಗುತ್ತಿತ್ತು. ಅಂಥ ದಿನ ಅವನೇ ಬಂದು ಹೇಳುತ್ತಿದ್ದ. ಗುರು ಬೈಯುತ್ತಿರಲಿಲ್ಲ. ನದಿಯ ಕಡೆ ಕೈ ತೋರಿಸುತ್ತಿದ್ದರು. ಅವನು ದಂಡೆಗುಂಟ ನಡೆದು ಬರುತ್ತಿದ್ದ.

ಸಂಜೆ ಗುರುವಿನ ಮುಂದೆ ಕೂತು ಅಂಗಾಲು ತೋರಿಸುವುದು ಮಠದ ಹೊಸ ಪೂಜೆಯಾಯಿತು. ಇರುವೆ ಹರಿಯುವುದು ಕಡಿಮೆಯಾಯಿತು. ಹೆಬ್ಬೆರಳು ಮಾತ್ರ ಇನ್ನೂ ಮಂಕಾಗಿಯೇ ಇತ್ತು.

ಹಬ್ಬ ಬಂತು. ಕೆಂಡದ ಹೊಂಡದ ಸುತ್ತ ಊರೇ ನೆರೆಯಿತು. ಗೌಡರು ಮೊದಲು ಹಾಯ್ದರು. ಅವರ ಹಿಂದೆ ಉಳಿದ ಗಂಡಸರೂ ಹಾಯ್ದರು. ಅಡಿವಯ್ಯ ಬೂಟು ಹಾಕಿಕೊಂಡು ಗುರುವಿನ ಪಕ್ಕದಲ್ಲಿ ನಿಂತಿದ್ದ.

ಗೌಡರು ಪಾದದ ಬೂದಿ ಕೊಡವುತ್ತ ಬಂದರು.

“ಏನ್ರೀ ಅಜ್ಜಾರ, ನಿಮ್ಮ ಶಿಷ್ಯ ಪಾದಪೂಜಿಗೆ ಮುಂದ, ಕೆಂಡಕ್ಕ ಹಿಂದೇನು?”

ಜನ ನಕ್ಕರು. ಅಡಿವಯ್ಯನ ಮುಖ ಕೆಂಪಾಯಿತು. ಕಾಲು ಕದಲಲಿಲ್ಲ.

ಮುರಿಗೆಜ್ಜ ಶಿಷ್ಯನ ಹೆಗಲ ಮೇಲೆ ಕೈಯಿಟ್ಟರು. ಅವರ ದನಿ ಹೊಂಡದ ಆಚೆಗೂ ಕೇಳಿಸಿತು.

“ಗೌಡ್ರ, ನೀವು ವರ್ಷಕ್ಕೊಮ್ಮೆ ಕೆಂಡ ಹಾಯ್ತೀರಿ. ನನ್ನ ಶಿಷ್ಯ ದಿನಾ ನಿಮ್ಮ ಹೋಳಿಗಿ ಹಾಯ್ದು ಬರ್ತಾನ.”