ಬಾಮೈದ ರಂಗನ ಬಂಡೆ

ಈ ಕ್ಷೇತ್ರದ ಮಹಿಮೆಯನ್ನು ನನಗೆ ಮೊದಲು ಹೇಳಿದವರು ಅರ್ಚಕರಲ್ಲ. ದೇವಸ್ಥಾನದ ಹಿಂಬದಿಯ ಜಗಲಿಯಲ್ಲಿ ಪ್ರಸಾದಕ್ಕೆಂದು ಮುತ್ತುಗದ ಎಲೆ ಹಚ್ಚುತ್ತ ಕೂರುವ ನಿಂಗಾಜಮ್ಮ. ಅರ್ಚಕರನ್ನೂ ಆಮೇಲೆ ಕೇಳಿದೆ. ಅವರ ಕಥೆಯಲ್ಲಿ ಸಂಸ್ಕೃತ ಜಾಸ್ತಿ, ಹೆಂಗಸರು ಕಡಿಮೆ. ಎರಡನ್ನೂ ಸೇರಿಸಿ ಭಕ್ತಾದಿಗಳ ಮುಂದೆ ನಿವೇದಿಸುತ್ತಿದ್ದೇನೆ.

ಪೂರ್ವದಲ್ಲಿ, ತ್ರೇತಾಯುಗವೋ ಅದಕ್ಕೂ ಹಿಂದೆಯೋ ನಿಂಗಾಜಮ್ಮನಿಗೆ ಖಚಿತವಿಲ್ಲ, ನಾನಾವಿಧ ವೃಕ್ಷಲತಾಸಂಕುಲಗಳಿಂದ ಶೋಭಿತವೂ ಮಧುಕರಝೇಂಕಾರದಿಂದ ಮುಖರಿತವೂ ಆದ ಈ ಗಿರಿಪ್ರದೇಶಕ್ಕೆ, ಅರಿಷಡ್ವರ್ಗದಲ್ಲಿ ಐದನ್ನು ಮನೆಯಲ್ಲೇ ಗೆದ್ದು, ಉಳಿದ ಕಾಮವೊಂದನ್ನು ಗೆಲ್ಲಲು ಮನೆಯಲ್ಲಿ ಅನುಕೂಲ ಸಾಲದೆ, ನಿರೀಹನೆಂಬ ಮಹರ್ಷಿಯು ಆಗಮಿಸಿದನು. ನಿರೀಹನೆಂದರೆ ಯಾವ ಬಯಕೆಯೂ ಇಲ್ಲದವನು. ಹೆಸರು ತಾನೇ ಇಟ್ಟುಕೊಂಡದ್ದು. ಈಗ ಗುಡಿಯಿರುವ ಬಂಡೆಯ ಕೆಳಗೆ, ಕಡಿದಾದ ಗೋಡೆಯ ನಟ್ಟನಡುವೆ ಇರುವ ಗವಿಗೆ ಒಂದು ಬಳ್ಳಿ ಹಿಡಿದು ಇಳಿದ ಆ ಮಹಾತ್ಮನು, ಭವಬಂಧನವನ್ನೇ ಛೇದಿಸಿದೆನೆಂಬ ಆನಂದಾತಿಶಯದಲ್ಲಿ ಆ ಬಳ್ಳಿಯನ್ನೂ ಕತ್ತರಿಸಿ ಹಾಕಿದನು. ವಾಪಸು ಹೇಗೆ ಬರುವುದೆಂದು ಯೋಚಿಸಲಿಲ್ಲ.

ಗವಿಯ ಬಾಯಲ್ಲಿದ್ದ ಅತ್ತಿಯ ಹಣ್ಣು, ಒಳಗಿನ ಒಸರಿನ ನೀರು, ಇವೆರಡರ ಮೇಲೆ ಹನ್ನೆರಡು ವರ್ಷ ಘೋರ ತಪಸ್ಸು ನಡೆಯಿತು. ದೇವರು ಪ್ರತ್ಯಕ್ಷನಾಗಲಿಲ್ಲ. ಹದಿಮೂರನೆಯ ಬೇಸಿಗೆಗೆ ಒಸರು ಬತ್ತಿತು.

ಆಗ ಜಡೆಯನೆಂಬವನು ಜೇನು ಕೀಳಲು ಹಗ್ಗ ಕಟ್ಟಿಕೊಂಡು ಗವಿಯ ಮುಂದಕ್ಕೆ ಇಳಿದ. ಒಳಗಿದ್ದ ಜಟಾಧಾರಿಯನ್ನು ಮೊದಲು ಕರಡಿಯೆಂದು ತಿಳಿದು, ಆಮೇಲೆ ಕೈಮುಗಿದು, ಸೋರೆಬುರುಡೆಯ ನೀರನ್ನೂ ಒಂದು ತುಂಡು ಜೇನುರೊಟ್ಟನ್ನೂ ಕೊಟ್ಟ. ಜೇನು ನಾಲಿಗೆಗೆ ತಗುಲಿದ ಕ್ಷಣ ಋಷಿಗೆ ಬದುಕಬೇಕೆನ್ನಿಸಿತು.

“ಅಯ್ಯಾ, ನನ್ನನ್ನೂ ಮೇಲಕ್ಕೆ ಎಳೆಸು.”

“ಆಗಬಹುದು ಸ್ವಾಮಿ. ನಿಮ್ಮ ಬಾಮೈದ ಎಲ್ಲವ್ನೆ?”

ಜೇನು ಕೀಳುವವರ ಕಟ್ಟಳೆ ಅದು. ಇಳಿದವನ ಹಗ್ಗವನ್ನು ಹಿಡಿಯಬೇಕಾದವನು ಹೆಂಡತಿಯ ಒಡಹುಟ್ಟಿದವನೇ. ಸ್ವಂತ ಅಣ್ಣತಮ್ಮಂದಿರಿಗೂ ಆ ಅಧಿಕಾರವಿಲ್ಲ.

“ಈಗ ನಿನ್ನ ಹಗ್ಗ ಹಿಡಿದವನು ನನ್ನದನ್ನೂ ಹಿಡಿಯಲಿ!”

“ಕೇತನಾ? ಬ್ಯಾಡಿ ಸ್ವಾಮಿ. ಮೂಗು ಕೆರೀತು ಅಂತ ಕೈ ಬಿಟ್ಟಾನು. ನನ್ನ ಮಾತ್ರ ಬಿಡಾಕಿಲ್ಲ, ಯಾಕೇಂದ್ರೆ ಅವರಕ್ಕ ಅವನನ್ನ ಬಿಡಾಕಿಲ್ಲ. ನಿಮಗೆ ಮನೆಯೋರು ಇಲ್ವಾ?”

ಹನ್ನೆರಡು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಮಹರ್ಷಿ ಬಹಳ ಹೊತ್ತು ಗಡ್ಡ ನೀವಿಕೊಂಡು, “ಇದ್ದಾಳೆ. ಸುಕೇಶಿ ಅಂತ” ಎಂದ. ತಮ್ಮನಿದ್ದಾನೆಯೇ? ಸುಷೇಣನೆಂಬವನಿದ್ದಾನೆ, ಮದುವೆಯಲ್ಲೇ ಜಗಳವಾಡಿದ್ದ.

ಜಡೆಯನನ್ನು ಮೇಲಕ್ಕೆಳೆದ ಮೇಲೆ ಕೇತ ಅವರನ್ನು ಕರೆತರಲು ಓಡಿದ. ಹೋಗಿಬರಲು ಮೂರು ದಿನ. ಜಡೆಯ ಮೇಲಿನಿಂದ ದಿನವೂ ನೀರು ಇಳಿಬಿಟ್ಟ. ಇತ್ತ ಧ್ಯಾನಕ್ಕೆ ಕೂತ ಋಷಿಗೆ ನಾಮಸ್ಮರಣೆಯ ಜಾಗದಲ್ಲಿ ಸುಕೇಶಿ, ಸುಕೇಶಿ ಎಂದೇ ಬಾಯಿಗೆ ಬರುತ್ತಿತ್ತು. ತಿದ್ದಿಕೊಂಡ. ಮತ್ತೆ ಬಂತು. ಕೊನೆಗೆ ತಿದ್ದುವುದನ್ನು ಬಿಟ್ಟ.

ಮೂರನೆಯ ದಿನ ಮಧ್ಯಾಹ್ನ ಅಕ್ಕ ತಮ್ಮ ಇಬ್ಬರೂ ಬಂಡೆಯ ಮೇಲೆ ಬಂದು ನಿಂತರು. ಜಡೆಯನೂ ಕೇತನೂ ಕಟ್ಟಳೆಯಂತೆ ದೂರ ಸರಿದರು. ಸುಷೇಣ ಹಗ್ಗ ಇಳಿಬಿಟ್ಟು, ತುದಿ ಹಿಡಿದು, “ಅಕ್ಕಾ, ನೀನು ಹೂಂ ಅಂದರೆ ಎಳೀತೀನಿ. ಇಲ್ಲದಿದ್ದರೆ ಬುತ್ತಿ ಉಂಡು ಮನೆಗೆ ಹೋಗೋಣ” ಎಂದ.

ಸುಕೇಶಿ ಅಂಚಿಗೆ ಬಂದು ಬಗ್ಗಿದಳು. “ಒಂದು ಮಾತು ಕೇಳಬೇಕು. ನಿಮಗೆ ನಾನು ಬೇಕೋ, ಮೇಲಕ್ಕೆ ಬರೋದು ಬೇಕೋ?”

ಸುಳ್ಳು ಹೇಳಿದರೆ ಬದುಕಬಹುದಿತ್ತು. ಆದರೆ ಋಷಿ.

“ಸುಕೇಶಿ, ಮೊದಲ ದಿನ ಮೇಲೆ ಬರುವುದೊಂದೇ ಬೇಕಾಗಿತ್ತು. ಎರಡನೆಯ ದಿನ ನೀನು ಮಾಡುವ ಹುರುಳಿಕಟ್ಟಿನ ಸಾರು ಬೇಕೆನ್ನಿಸಿತು. ಇವತ್ತು... ನೀನು ಸಾರು ಮಾಡದಿದ್ದರೂ ಸರಿ. ಎಳೆಯದಿದ್ದರೂ ಸರಿ. ಒಂದಿಷ್ಟು ಹೊತ್ತು ಅಲ್ಲೇ ನಿಂತಿರು.”

ಸುಕೇಶಿ ಅಂಚಿನಲ್ಲೇ ನಿಂತಳು. ಆಮೇಲೆ, “ಎಳಿಯೋ” ಎಂದಳು.

ಸುಷೇಣ ಎಳೆದ. “ಭಾವಾ, ಹನ್ನೆರಡು ವರ್ಷ ತಪಸ್ಸು ಮಾಡಿಯೂ ತೂಕ ಇಳಿದಿಲ್ಲವಲ್ಲ!” ಎಂದು ಬೈಯುತ್ತಲೇ ಅರ್ಧ ದಾರಿ ಎಳೆದ. ಅಲ್ಲಿಗೆ ಅವನ ಸೊಂಟ ಹಿಡಿಯಿತು, ಕಾಲು ಜಾರಿತು, ಹಗ್ಗ ಸರ್ರನೆ ಕೈಯೊಳಗೆ ಸರಿಯತೊಡಗಿತು. ಸುಕೇಶಿಯೂ ಹಾರಿ ಹಿಡಿದಳು, ನಿಲ್ಲಲಿಲ್ಲ. ಆಗ ಅವರಿಬ್ಬರ ಹಿಂದೆ ಯಾರೋ ಬಂಡೆಗೆ ಹಿಮ್ಮಡಿಯೂರಿ ಹಗ್ಗದ ತುದಿಯನ್ನು ಹಿಡಿದಂತಾಗಿ, ಋಷಿಯು ಹೂವೆತ್ತಿದಷ್ಟು ಹಗುರವಾಗಿ ಮೇಲೆ ಬಂದನು. ತಿರುಗಿ ನೋಡಿದರೆ ಶಂಖಚಕ್ರಧಾರಿಯಾದ, ನೀಲಮೇಘಶ್ಯಾಮನಾದ, ಅಂಗೈ ಕೆಂಪಾದ ಸಾಕ್ಷಾತ್ ರಂಗನಾಥ!

ಭಗವಂತನು ಇಂತೆಂದನು: “ವತ್ಸ, ಹನ್ನೆರಡು ವರ್ಷ ನನ್ನನ್ನು ಕರೆದೆ. ಎತ್ತೋಣವೆಂದರೆ ನಾನು ಹಿಡಿಯಲು ನೀನು ಒಂದು ತುದಿಯನ್ನೂ ಉಳಿಸಿರಲಿಲ್ಲ. ಈ ಮೂರು ದಿನ ಒಬ್ಬಳನ್ನು ಮನಸಾರೆ ಬಯಸಿದೆ. ಆ ತುದಿ ನನ್ನ ಕೈಗೆ ಸಿಕ್ಕಿತು. ಕೈಲಾಸವಾಸಿಗೂ ನಾನೇ ಬಾಮೈದ. ಈ ಕೆಲಸ ನನಗೆ ಹೊಸತಲ್ಲ. ವರವನ್ನು ಕೇಳು.”

ಋಷಿ ಹೆಂಡತಿಯ ಮುಖ ನೋಡುತ್ತ ನಿಂತುಬಿಟ್ಟಿದ್ದ. ಸುಕೇಶಿಯೇ ಕೇಳಿದಳು: “ಇವರಿಗೇನೂ ಬೇಡವಂತೆ, ಹೆಸರೇ ಹಾಗಿದೆ. ನನಗೆ ಕೊಡು. ನನಗೇನೋ ತಮ್ಮನಿದ್ದ, ಸೊಂಟ ಮುರಿದುಕೊಂಡು ಎಳೆದ. ಒಡಹುಟ್ಟಿದವರಿಲ್ಲದ ಹೆಣ್ಣುಮಕ್ಕಳ ಗಂಡಂದಿರ ಹಗ್ಗ ಹಿಡಿಯೋರು ಯಾರು? ನೀನು ಇಲ್ಲೇ ಇರು.”

ತಥಾಸ್ತು ಎಂದು ಸ್ವಾಮಿ ಅಲ್ಲೇ ಶಿಲೆಯಾಗಿ ನಿಂತನು. ಆತನು ಹಿಮ್ಮಡಿಯೂರಿದ ಕಡೆ ಚಿಮ್ಮಿದ ನೀರೇ ಇಂದಿನ ಹಿಮ್ಮಡಿ ತೀರ್ಥ. ಬಂಡೆಯಂಚಿನಲ್ಲಿ ಹಗ್ಗ ಉಜ್ಜಿದ ಗೀರಿಗೆ ಇಂದಿಗೂ ಹೆಬ್ಬೆರಳನ್ನಿಟ್ಟು ನೋಡಬಹುದು. ಸುಕೇಶಿ ಗಂಡನಿಗೆ ಮೊದಲು ಹೇಳಿದ ಮಾತು “ಆ ಗಡ್ಡ ತೆಗೆಸಿ” ಎಂಬುದೆಂದು ನಿಂಗಾಜಮ್ಮ ಹೇಳುತ್ತಾರೆ, ಅರ್ಚಕರು ಒಪ್ಪುವುದಿಲ್ಲ.

ವೈಶಾಖದಲ್ಲಿ ಜೇನು ಕೀಳುವ ಮೊದಲ ದಿನ, ಹೊಸದಾಗಿ ಮದುವೆಯಾದವರು ಇಲ್ಲಿಗೆ ಬಂದು, ಮದುಮಗನ ಸೊಂಟದ ಹಗ್ಗದ ತುದಿಯನ್ನು ಮದುಮಗಳ ಒಡಹುಟ್ಟಿದವನ ಕೈಗೆ ಕೊಡುತ್ತಾರೆ. ಒಡಹುಟ್ಟಿದವರಿಲ್ಲದವರು ತುದಿಯನ್ನು ಸ್ವಾಮಿಯ ಕೈಗೇ ಸುತ್ತುತ್ತಾರೆ. ನಿಂಗಾಜಮ್ಮ ತಮ್ಮ ಮದುವೆಯಲ್ಲಿ ಸುತ್ತಿದ್ದರಂತೆ. ಅವರ ಗಂಡ ಈಗಲೂ ಎಡವಿದಾಗೆಲ್ಲ, “ನಿನ್ನ ತಮ್ಮ ಹಿಡ್ಕೊಂಡ ಕಣೇ” ಅನ್ನುತ್ತಾರಂತೆ.

ತೀರ್ಥ ತೆಗೆದುಕೊಂಡು ಬೆಟ್ಟ ಇಳಿಯುವ ತಾಯಂದಿರೇ, ಮಹನೀಯರೇ, ಈ ಕಥೆಯನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಮನೆಗೆ ಹೋಗಿ ಒಬ್ಬರಿಗಾದರೂ ಹೇಳಿ. ಭಾವನ ಜೊತೆ ಮಾತು ಬಿಟ್ಟಿರುವ ತಮ್ಮ ಯಾರಾದರೂ ಇದ್ದರೆ ಅವನಿಗೆ ಮೊದಲು.