ಅಕ್ಕ ನೋಡಿರುತ್ತಾಳೆ

"ಬುದ್ಧಿ, ಒಬ್ಬರು ಕೆಡಿಸಿದ್ದನ್ನು ಇನ್ನೊಬ್ಬರು ಎಲ್ಲಿಯವರೆಗೆ ಸರಿಮಾಡುತ್ತಾ ಹೋಗಬೇಕು?" ಎಂದು ಶಿಷ್ಯ ಪಂಚಾಕ್ಷರಿ ಗುರುಗಳನ್ನು ಕೇಳಿದನು.

ಅವನ ಹೆಗಲಲ್ಲಿ ಬಟ್ಟೆಯ ಚೀಲವಿತ್ತು. ಊರಿನಲ್ಲಿ ಅವನ ತಮ್ಮ ಕೆಲಸಕ್ಕಿದ್ದ ಅಂಗಡಿಯಲ್ಲಿ ಮತ್ತೆ ಜಗಳ ಮಾಡಿಕೊಂಡು ಹೊರಬಿದ್ದಿದ್ದನು. ಹೀಗಾದಾಗಲೆಲ್ಲ ಪಂಚಾಕ್ಷರಿಯೇ ಹೋಗಿ, ಮಾಲೀಕರ ಕೈಕಾಲು ಹಿಡಿದು, ತಮ್ಮನನ್ನು ಒಳಗೆ ಸೇರಿಸಿ ಬರುತ್ತಿದ್ದನು. ಈ ಸಲವೂ ಹೊರಟಿದ್ದನು. ಹೋಗಲು ಮನಸ್ಸಿಲ್ಲ, ಹೋಗದಿರಲು ಧೈರ್ಯವಿಲ್ಲ. ತನಗೆ ಸಾಕುಸಾಕಾಗಿದೆ ಎಂದು ಹೇಳಿ ಮಠದ ಕಂಬಕ್ಕೆ ಒರಗಿ ಕುಳಿತನು.

ಗುರುಗಳಿಗೂ ಅಂದು ಮಂಡಿನೋವು. ಬೆಳಗಿನಿಂದ ಬಂದವರೆಲ್ಲ ಇಂಥದೇ ಪ್ರಶ್ನೆ ಹೊತ್ತು ತಂದಿದ್ದರು. ಒಂದು ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ, ಎಳೆ ತಪ್ಪಿದರೆ ಮತ್ತೆ ಮೊದಲಿಂದ ಹೇಳುವ ಶಕ್ತಿ ನನಗಿಲ್ಲ ಎಂದು ಕಾಲು ನೀವಿಕೊಳ್ಳುತ್ತಾ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬಳು ಅಕ್ಕ, ಅವಳಿಗೊಬ್ಬ ತಮ್ಮ. ತಂದೆತಾಯಿ ಇಲ್ಲ. ತಮ್ಮನಿಗೆ ಸೈಕಲ್ಲಿನ ಹುಚ್ಚು. ಪೇಟೆಗೆ ಹೋಗಿ ಬರುವ ಸೈಕಲ್ಲಲ್ಲ, ಬೆಟ್ಟ ಇಳಿಯುವುದಕ್ಕೆಂದೇ ಮಾಡಿದ್ದು. ದಪ್ಪ ಟೈರು, ಮುಂದೆ ಹಿಂದೆ ಸ್ಪ್ರಿಂಗು. ಅದನ್ನು ಬೆಟ್ಟದ ತುದಿಗೆ ಹೊತ್ತುಕೊಂಡು ಹೋಗುವುದು, ಕಲ್ಲುಬಂಡೆಗಳ ಮೇಲೆ ಹಾರಿಸುತ್ತಾ ಕೆಳಗೆ ಬರುವುದು. ಇಳಿಯುವುದಕ್ಕೂ ಪಂದ್ಯ ಇಡುತ್ತಾರಂತೆ. ಇರಲಿ, ಅವರವರ ಹುಚ್ಚು ಅವರವರಿಗೆ.

ಅಂಥ ಸೈಕಲ್ಲು ಒಂದು ಸಲ ಬೆಟ್ಟ ಇಳಿದರೆ ಸಾಕು, ಮೈಯೆಲ್ಲ ಸಡಿಲವಾಗುತ್ತದೆ. ರಿಮ್ಮು ಸೊಟ್ಟಗಾಗುತ್ತದೆ, ಕಡ್ಡಿ ಬಾಗುತ್ತದೆ, ಚೈನಿಗೆ ಮಣ್ಣು ಮೆತ್ತುತ್ತದೆ. ಬ್ರೇಕಿನದೇ ದೊಡ್ಡ ರಗಳೆ. ಅದರ ಕೊಳವೆಯಲ್ಲಿ ತಂತಿ ಇಲ್ಲ, ಎಣ್ಣೆ ಇರುತ್ತದೆ. ಎಣ್ಣೆಯೊಳಗೆ ಗಾಳಿ ಸೇರಿತೋ, ಬ್ರೇಕಿನ ಹಿಡಿ ಮೆತ್ತಗಾಗುತ್ತದೆ. ಎಷ್ಟು ಒತ್ತಿದರೂ ಚಕ್ರ ನಿಲ್ಲುವುದಿಲ್ಲ. ಸಿರಿಂಜಿನಿಂದ ಹೊಸ ಎಣ್ಣೆ ತಳ್ಳಿ ಗಾಳಿಯನ್ನು ಹೊರಗೆ ಹಾಕಬೇಕು.

ಮೊದಮೊದಲು ತಮ್ಮನೇ ಪಡಸಾಲೆಯಲ್ಲಿ ಸೈಕಲ್ಲು ಬಿಚ್ಚಿಕೊಂಡು ಕೂರುತ್ತಿದ್ದ. ಒಂದು ದಿನ ಬೋಲ್ಟನ್ನು ಅತಿಯಾಗಿ ಬಿಗಿದು ಅದರ ಥ್ರೆಡ್ಡು ಕೆಡಿಸಿದ. ಅಕ್ಕ ಅವನ ಕೈಯಿಂದ ಸ್ಪ್ಯಾನರು ಕಿತ್ತುಕೊಂಡಳು. ನಿನ್ನ ಕೈಗೆ ಕೊಟ್ಟರೆ ಉದ್ಧಾರವಾದ ಹಾಗೆಯೇ, ಏಳು, ಹೋಗಿ ಊಟ ಮಾಡು ಎಂದಳು. ಅವನು ಎದ್ದು ಹೋದ. ಆಮೇಲೆ ಬಂದು ಕೂರಲೇ ಇಲ್ಲ. ಬೆಟ್ಟದಿಂದ ಬಂದವನು ಸೈಕಲ್ಲನ್ನು ಗೋಡೆಗೆ ಒರಗಿಸಿ ಒಳಗೆ ನಡೆಯುತ್ತಿದ್ದ.

ಅವಳಿಗೆ ಯಾರೂ ಕಲಿಸಿರಲಿಲ್ಲ. ಬಿಚ್ಚಿ ಜೋಡಿಸಿ, ಕೆಡಿಸಿ ಸರಿಮಾಡಿ ಕಲಿತಳು. ಹೌದು, ಅವಳೂ ಕೆಡಿಸಿಯೇ ಕಲಿತದ್ದು. ಹಗಲೆಲ್ಲ ಹೊಲಿಗೆ ಮೆಷಿನ್ನು, ಸಂಜೆ ಸೈಕಲ್ಲು. ಉಗುರಿನ ಸಂದಿಯ ಗ್ರೀಸು ಗಿರಾಕಿಗಳ ಬಟ್ಟೆಗೆ ತಾಗಿ ಬೈಸಿಕೊಳ್ಳುತ್ತಿದ್ದಳು. ಅವನು ಬೀಳಬಾರದು, ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ತನ್ನವನು ಅಂತ ಇದ್ದವನು ಅವನೊಬ್ಬನೇ. ಅವನು ಬಂಡೆಗೆ ಬಡಿದ ಹಾಗೆ ಕನಸು ಕಂಡು ಬೆಚ್ಚಿ ಏಳುತ್ತಿದ್ದಳು. ನೆರೆಯವರ ಮುಂದೆ ಮಾತ್ರ, ಈ ಜನ್ಮದಲ್ಲಿ ನನಗೆ ಬಿಡುವಿಲ್ಲ ಎಂದು ಗೊಣಗುತ್ತಿದ್ದಳು. ಗೊಣಗುತ್ತಲೇ ನಟ್ಟು ಬಿಗಿಯುತ್ತಿದ್ದಳು. ಮುಖ ಏಕೆ ಹಾಗೆ ಮಾಡುತ್ತೀ ಮರಿ? ನಾನು ಅವಳ ವಿಷಯ ಹೇಳುತ್ತಿದ್ದೇನೆ.

ಅವಳ ಕೆಲಸ ಅಚ್ಚುಕಟ್ಟು. ಬ್ರೇಕು ಅವನಿಗೆ ಒಂದು ದಿನವೂ ಕೈಕೊಡಲಿಲ್ಲ. ಕೈಕೊಡದ ಮೇಲೆ ಭಯ ಎಲ್ಲಿಂದ ಬರಬೇಕು? ಜೊತೆಯವರು ಇಳಿಯುವ ಮೊದಲು ಹಿಡಿ ಒತ್ತಿ, ಚಕ್ರ ತಿರುಗಿಸಿ ನೋಡುತ್ತಿದ್ದರು. ಇವನು ಹತ್ತಿ ಕೂತರೆ ಮುಗಿಯಿತು.

ಒಂದು ಸಂಜೆ ಅವಳ ಕೈಲಿ ಆಗಲೇ ಇಲ್ಲ. ಹಬ್ಬದ ಹೊಲಿಗೆ ಮುಗಿಸುವಷ್ಟರಲ್ಲಿ ಸೊಂಟ ಬಿದ್ದುಹೋಗಿತ್ತು. ಬೆಳಿಗ್ಗೆ ಎದ್ದು ನೋಡಿದರಾಯಿತು ಎಂದು ಮಲಗಿದಳು. ಅವಳು ಏಳುವ ಮೊದಲೇ ತಮ್ಮ ಸೈಕಲ್ಲು ತೆಗೆದುಕೊಂಡು ಹೋಗಿದ್ದ. ಎದ್ದವಳು ಪಡಸಾಲೆ ನೋಡಿದಳು, ಬರಿಗಾಲಲ್ಲೇ ಬೆಟ್ಟದ ಕಡೆಗೆ ಓಡಿದಳು. ದಾರಿಯಲ್ಲಿ ಅವನನ್ನು ಎತ್ತಿಕೊಂಡು ಬರುವವರು ಎದುರಾದರು.

ಜೀವ ಉಳಿಯಿತು. ತೊಡೆಯ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಅವಳು ಅವನ ಮಗ್ಗುಲಲ್ಲಿ ಕೂತು ಅತ್ತಳು. ಎಲ್ಲ ನನ್ನದೇ ತಪ್ಪು, ಒಂದು ದಿನ ನೋಡದೆ ಹೋದೆ, ಹೀಗಾಯಿತು ಎಂದು ಹಣೆ ಚಚ್ಚಿಕೊಂಡಳು. ಅವನು ಅವಳ ಕೈ ಹಿಡಿದು ತಡೆದು ಹೇಳಿದ.

"ಮೇಲೆ ನಿಂತಾಗಲೇ ಹಿಡಿ ಮೆತ್ತಗಿದೆ ಅಂತ ಗೊತ್ತಾಯ್ತು ಅಕ್ಕ. ಅಲ್ಲೇ ನಿಲ್ಲಬಹುದಿತ್ತು. ಅಕ್ಕ ನೋಡಿರ್ತಾಳೆ, ಏನೂ ಆಗಲ್ಲ ಅಂದ್ಕೊಂಡೆ."

ಇಷ್ಟು ಕೇಳಿದ ಮೇಲೆ ಅವಳು ಏನು ಮಾಡಿದಳು ಗೊತ್ತೇ? ಮನೆಗೆ ಬಂದು ನಜ್ಜುಗುಜ್ಜಾದ ಸೈಕಲ್ಲನ್ನು ಮುಂದೆ ಹಾಕಿಕೊಂಡು ಕೂತಳು. ಬೇರೇನು ಮಾಡಬೇಕೆಂದು ಅವಳಿಗೆ ತಿಳಿಯದು, ಪಾಪ. ರಿಮ್ಮು ಬದಲಿಸಿದಳು, ಕಡ್ಡಿ ಬಿಗಿದಳು, ಬ್ರೇಕಿನ ಗಾಳಿ ತೆಗೆದಳು. ಅವನು ಊರುಗೋಲು ಹಿಡಿದು ಮನೆಗೆ ಬಂದಾಗ ಸೈಕಲ್ಲು ಹೊಸದರ ಹಾಗೆ ನಿಂತಿತ್ತು. ಅವನು ಅದನ್ನು ನೋಡಿದ, ಅವಳನ್ನು ನೋಡಿದ. ಇದನ್ನು ಮಾಡು ಅಂತ ನಿನಗೆ ಯಾರು ಹೇಳಿದರು ಎಂದು ಕೇಳಿದ.

ಗುರುಗಳು ಅಲ್ಲಿಗೆ ನಿಲ್ಲಿಸಿ ಕಣ್ಣು ಮುಚ್ಚಿದರು. ಪಂಚಾಕ್ಷರಿಗೆ ಕತೆ ಹಿಡಿಸಲಿಲ್ಲ.

"ಬುದ್ಧಿ, ಅವಳು ಮಾಡಿದ್ದೆಲ್ಲ ಪ್ರೀತಿಯಿಂದ ತಾನೇ? ಸುಮ್ಮನೆ ಕೂತಿದ್ದರೆ ಅವನು ಇನ್ನೂ ಮೊದಲೇ ಬೀಳುತ್ತಿದ್ದ."

"ಬೀಳುತ್ತಿದ್ದ, ಯಾರು ಇಲ್ಲ ಅಂದರು? ಮನೆ ಮುಂದಿನ ಇಳಿಜಾರಿನಲ್ಲೇ ಬೀಳುತ್ತಿದ್ದ. ಮಂಡಿ ತರಚಿಕೊಂಡು, ತಾನೇ ಎದ್ದು ಬಂದು, ಬ್ರೇಕು ಯಾಕೆ ಹಿಡಿಯಲಿಲ್ಲ ಅಂತ ನೋಡುತ್ತಿದ್ದ."

ಪಂಚಾಕ್ಷರಿ ಹೆಗಲ ಚೀಲ ಸರಿಮಾಡಿಕೊಂಡನು. ಹೊತ್ತಾಯಿತು, ಅಂಗಡಿ ಬಾಗಿಲು ಹಾಕುವುದರೊಳಗೆ ಮಾಲೀಕರನ್ನು ಕಾಣಬೇಕು ಎಂದು ಎದ್ದು, ಹೋಗಿ ಬರುತ್ತೇನೆಂದು ಗುರುಗಳ ಪಾದಕ್ಕೆ ಬಗ್ಗಿದನು. ಅವರು ಕಣ್ಣು ತೆರೆಯದೆಯೇ ಕೇಳಿದರು.

"ಈ ಸಲ ನಿನ್ನ ತಮ್ಮ ಬಾ ಅಂತ ಕರೆದನೋ, ನೀನೇ ಹೊರಟೆಯೋ?"